ಪದ ಬೇಕು: ಊರಾಡಳಿತವೇ ನಡೆಸುವ ಮದ್ಯದಂಗಡಿಯ ‘ರಿನೋವೇಶನ್’

ಎಲ್ಲರಿಗೂ ನಮಸ್ಕಾರ.

ಗುರುವಾರದೊಳಗೆ ಒಂದು ಪದ ಬೇಕಾಗಿದೆ. ನಾನಿರುವುದು ಅಮೆರಿಕದ ಮಿನೆಸೋಟದ ಒಂದು ಸಣ್ಣ ಊರಲ್ಲಿ. ಇಲ್ಲಿನ ಮದ್ಯದಂಗಡಿ ಖಾಸಗಿಯವರದ್ದಲ್ಲ, ಊರಿನದೇ. ಸರಕು ತರಿಸುವುದು ಊರಾಡಳಿತ, ಕೌಂಟರಿನಲ್ಲಿ ನಿಲ್ಲುವವರು ಅದರ ನೌಕರರು, ಲಾಭ ಹೋಗುವುದು ಊರಿನ ಖಜಾನೆಗೆ. ಈ ರಾಜ್ಯದಲ್ಲಿ ಇಂಥ ಊರುಗಳು ನೂರಕ್ಕೂ ಹೆಚ್ಚಿವೆ. 1933ರಲ್ಲಿ ದೇಶದ ಪಾನನಿಷೇಧ ತೆಗೆದ ಮೇಲೆ ಬೆಳೆದ ಪದ್ಧತಿ ಇದು. ಜನ ಸುಮ್ನೆ ‘ಮ್ಯೂನಿ’ ಅಂತಾರೆ.

ನಮ್ಮ ಅಂಗಡಿ ಹಳೆಯದಾಗಿದೆ. ಬಿಯರ್ ಇಡುವ ತಣ್ಣನೆಯ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಕೆಳಗೆ ನೀರು ಜಿನುಗಿ ಸದಾ ಒಂದು ಮ್ಯಾಟ್ ಹಾಸಿರುತ್ತಾರೆ. ಅದನ್ನು ಬದಲಿಸಿ, ಅಂಗಡಿಯನ್ನು ಹಿಂದಕ್ಕೆ ವಿಸ್ತರಿಸಿ, ಖರ್ಚಿಗೆ ಬಾಂಡ್ ಮಾರಿ ಸಾಲ ತರಬೇಕೆಂದು ಯೋಜನೆ. ಮುಂದಿನ ವಾರ ಜನರ ಮಾತು ಕೇಳುವ ಸಭೆ ಇದೆ. ಕನ್ನಡ ಕೂಟದ ಹಾಳೆಯಲ್ಲಿ ಹಾಕಲು ನಾನು ಬರೆದ ಸಾಲು ಇದು:

‘ಪುರಸಭೆ ಮದ್ಯದಂಗಡಿಯ ನವೀಕರಣಕ್ಕೆ ಬಾಂಡ್ ಮೂಲಕ ಹಣ: ಸಾರ್ವಜನಿಕ ವಿಚಾರಣೆ.’

ನಮ್ಮತ್ತೆಗೆ ಓದಿ ಹೇಳಿದೆ. ಅವರು ತರಕಾರಿ ಹೆಚ್ಚುತ್ತಾ, “ಲೈಸೆನ್ಸ್ ರಿನ್ಯೂ ಮಾಡಿಸೋಕೆ ಯಾರಾದ್ರೂ ಸಾಲ ಮಾಡ್ತಾರಾ?” ಅಂದರು. ಆಮೇಲೆ, “ಪುರಸಭೆಯವರು ಆ ಮಳಿಗೆನ ಯಾರಿಗೆ ಬಾಡಿಗೆ ಕೊಟ್ಟಿದ್ದಾರೆ?” ಅಂತಲೂ ಕೇಳಿದರು. ಒಂದೇ ಸಾಲಲ್ಲಿ ಎರಡು ತಪ್ಪು ಅರ್ಥ. ದಯವಿಟ್ಟು ಸರಿಪಡಿಸಿ ಕೊಡಿ.

* * *

ಮೈಸೂರಿನಿಂದ:

‘ಮದ್ಯ’ ಸಂಸ್ಕೃತ, ‘ನವೀಕರಣ’ ಸಂಸ್ಕೃತ, ‘ಸಾರ್ವಜನಿಕ’ ಸಂಸ್ಕೃತ, ‘ಬಾಂಡ್’ ಇಂಗ್ಲಿಷ್. ನಿಮ್ಮ ಸಾಲಿನಲ್ಲಿ ಕನ್ನಡ ಎಲ್ಲಿದೆ? ‘ಕಳ್’ ನಮ್ಮದೇ ಪದ, ಹಳಗನ್ನಡದಿಂದ ಬಂದದ್ದು. ಕಳ್ + ಅಂಗಡಿ = ಕಳ್ಳಂಗಡಿ. ರಿನೋವೇಶನ್‌ಗೆ ‘ಹೊಸಗೊಳಿಕೆ’. ‘ಊರಾಳ್ವಿಕೆಯ ಕಳ್ಳಂಗಡಿಯ ಹೊಸಗೊಳಿಕೆ’ ಎಂದು ಬರೆಯಿರಿ. ಬಳಸಿದರೆ ತಾನೇ ಬಳಕೆಗೆ ಬರುವುದು?

* * *

ಮಂಗಳೂರಿನಿಂದ:

ಕಳ್ಳಂಗಡಿ ಎಂದು ಬರೆದರೆ ಕಳ್ಳಬಟ್ಟಿ ಮಾರುವ ಜಾಗ ಎಂದೇ ಓದುತ್ತಾರೆ. ಬೇಡ.

ನಮ್ಮ ಕಡೆ ‘ಗಡಂಗು’ ಎಂಬ ಒಳ್ಳೆಯ ಮಾತಿದೆ. ಹೆಂಡದ ಗಡಂಗು, ಸಾರಾಯಿ ಗಡಂಗು ಅನ್ನುತ್ತಿದ್ದೆವು. ತಮಿಳಿನಲ್ಲಿ ‘ಕಿಡಂಗು’ ಅಂದರೆ ಉಗ್ರಾಣ, ಮಲಯ ಭಾಷೆಯಲ್ಲಿ ‘ಗುಡಂಗ್’. ಗಡಂಗೂ ಅದೇ ಬಳಗದ್ದು ಎಂದು ನಾನು ಬಹಳ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಸರಕು ಕೂಡಿಡುವ ಜಾಗ, ಮಾರುವ ಜಾಗ, ಎರಡೂ ಒಂದೇ ಪದದಲ್ಲಿ ಬರುತ್ತದೆ. ‘ಊರ ಗಡಂಗು’ ಅನ್ನಿ, ಎರಡೇ ಮಾತು.

* * *

ಧಾರವಾಡದಿಂದ:

ಗಡಂಗು ಘಟ್ಟದ ಮೇಲೆ ಯಾರಿಗೂ ತಿಳಿಯುವುದಿಲ್ಲ. ತಿಳಿದವರಿಗೂ ಮರದ ಬೆಂಚು, ಬಾಟಲಿ, ಗ್ಲಾಸು ನೆನಪಾಗುತ್ತದೆ. ಮೇಡಂ ಅವರ ಅಂಗಡಿಯಲ್ಲಿ ಕೂತು ಕುಡಿಯುತ್ತಾರೋ, ಪಾರ್ಸೆಲ್ ಮಾತ್ರವೋ? ಅಲ್ಲಿನ ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ.

ನಾನು ಊರಾಡಳಿತದ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನಿಮ್ಮತ್ತೆಯವರು ಸರಿಯಾಗಿಯೇ ಓದಿದ್ದಾರೆ. ನಮ್ಮಲ್ಲಿ ಮದ್ಯದಂಗಡಿಗೆ ಬೇಕಾದದ್ದು ಸನ್ನದು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಮದ್ಯದಂಗಡಿಯ ಪಕ್ಕ ‘ನವೀಕರಣ’ ಬಂದರೆ ಓದುವವನ ಮನಸ್ಸು ಅಬಕಾರಿ ಕಚೇರಿಗೇ ಹೋಗುತ್ತದೆ. ಬಸ್ ನಿಲ್ದಾಣಕ್ಕೆ ನವೀಕರಣ ಸರಿ, ಇದಕ್ಕೆ ಸಲ್ಲದು. ‘ಕಟ್ಟಡದ ದುರಸ್ತಿ ಮತ್ತು ವಿಸ್ತರಣೆ’ ಎಂದು ಬಿಡಿಸಿ ಬರೆಯಿರಿ. ಯಾರಾದರೂ ಜೀರ್ಣೋದ್ಧಾರ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಗುಡಿಗೆ, ಕೆರೆಗೆ.

‘ಪುರಸಭೆ ಮಳಿಗೆ’ ಅಂದರೆ ನಮ್ಮ ಜನರಿಗೆ ಹರಾಜಿನಲ್ಲಿ ಬಾಡಿಗೆಗೆ ಹೋಗುವ ಅಂಗಡಿ. ಹಾಗಾಗಿ ‘ನಡೆಸುವ’ ಎಂಬ ಮಾತು ಸೇರಿಸಲೇಬೇಕು. ಎಂಎಸ್‌ಐಎಲ್ ಅಂಗಡಿ ಇದ್ದ ಹಾಗೆ, ಆದರೆ ರಾಜ್ಯದ್ದಲ್ಲ, ಊರಿನದು ಎಂದು ಒಂದು ಸಾಲು ಹಾಕಿ, ಹಿರಿಯರಿಗೆ ತಟ್ಟನೆ ತಿಳಿಯುತ್ತದೆ. ಇನ್ನು ‘ಪುರಸಭೆ’ಯೂ ಸ್ವಲ್ಪ ದೊಡ್ಡದಾಯಿತು. ನಮ್ಮ ಕಾಯಿದೆಯಲ್ಲಿ ಪುರಸಭೆ ಆಗಲು 20,000 ಜನ ದಾಟಬೇಕು.

* * *

ಮೈಸೂರಿನಿಂದ, ಮತ್ತೆ:

ದುರಸ್ತಿ ಪಾರಸಿ. ಸನ್ನದು ಅರಬ್ಬಿ. ಅಬಕಾರಿ ಪಾರಸಿ. ಕಚೇರಿಯವರ ಕನ್ನಡ ಇದೇ ಅಲ್ವಾ? ಸಂಸ್ಕೃತದ ಬಾಗಿಲು ಹಾಕಿ ಪಾರಸಿಯ ಬಾಗಿಲು ತೆಗೆದರೆ ಏನು ಬಂತು?

* * *

ಧಾರವಾಡದಿಂದ:

ಬಾಗಿಲು ನಾನು ತೆಗೆದದ್ದಲ್ಲ. ನಮ್ಮ ಹಳ್ಳಿಯವರು ಪಂಪ್‌ಸೆಟ್ ಕೆಟ್ಟರೆ ‘ದುರಸ್ತಿ ಮಾಡ್ಸಬೇಕ್ರಿ’ ಅನ್ನುತ್ತಾರೆ. ಅವರಿಗಿಂತ ಶುದ್ಧ ಕನ್ನಡಿಗರು ನನಗೆ ಗೊತ್ತಿಲ್ಲ. ಅರ್ಜಿ, ಬಾಕಿ, ಜಮೆ, ಖರ್ಚು ಇವನ್ನೆಲ್ಲ ಬಿಟ್ಟು ಒಂದು ದಿನದ ಲೆಕ್ಕ ಬರೆದು ತೋರಿಸಿ. ಈ ವಿಷಯ ನನ್ನ ಕಡೆಯಿಂದ ಮುಗಿಯಿತು.

* * *

ಮಿನೆಸೋಟದಿಂದ:

ಎಲ್ಲರಿಗೂ ಧನ್ಯವಾದ. ಧಾರವಾಡದ ಸರ್, ಇದು ಪಾರ್ಸೆಲ್ ಅಂಗಡಿ ಮಾತ್ರ. ಇಲ್ಲಿ ಹೊಸದಾಗಿ ಇಂಥ ಅಂಗಡಿ ತೆರೆಯಬಹುದಾದದ್ದು 10,000 ಜನ ಮೀರದ ಊರುಗಳು. ಆಮೇಲೆ ಊರು ಬೆಳೆದರೂ ಅಂಗಡಿ ಉಳಿಯುತ್ತದೆ. ಈಡೈನಾದಂಥ ದೊಡ್ಡ ಊರೂ ನಡೆಸುತ್ತಿದೆ, ಲಾಭ ಅಲ್ಲಿನ ಪಾರ್ಕುಗಳಿಗೂ ಹೋಗುತ್ತದೆ. ಹಾಗಾಗಿ ಪುರಸಭೆ ಬಿಟ್ಟು ‘ಊರಾಡಳಿತ’ ಹಿಡಿದಿದ್ದೇನೆ. ಮೈಸೂರಿನ ಸರ್, ಅದು ನಿಮ್ಮ ‘ಊರಾಳ್ವಿಕೆ’ಗೆ ಹತ್ತಿರವೇ ಇದೆ. ಕಳ್ಳಂಗಡಿ ಮಾತ್ರ ನನ್ನಿಂದಾಗದು.

ನನಗೆ ಈಗ ಜಾಸ್ತಿ ಚಿಂತೆ ಇರುವುದು ‘ಬಾಂಡ್’ ಬಗ್ಗೆ. ಪದ ಹಾಗೇ ಇರಲಿ. 1997ರಲ್ಲೇ ಬೆಂಗಳೂರು ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ ತಂದಿತ್ತು, ನಮಗೆ ಹೊಸ ಮಾತಲ್ಲ. ಆದರೆ ಇಲ್ಲಿ ಇದು ಎರಡು ಬಗೆ. ಒಂದರಲ್ಲಿ ಅಂಗಡಿಯ ಗಳಿಕೆಯಿಂದಷ್ಟೇ ಸಾಲ ತೀರಬೇಕು. ಇನ್ನೊಂದರಲ್ಲಿ ಗಳಿಕೆ ಸಾಲದಿದ್ದರೆ ಊರಿನ ತೆರಿಗೆಯೂ ಹೊಣೆ. ನಮ್ಮದು ಎರಡನೆಯದು. ಬರೀ ‘ಬಾಂಡ್’ ಅಂದರೆ ಮನೆ ತೆರಿಗೆ ಕಟ್ಟುವವರಿಗೆ ಈ ವ್ಯತ್ಯಾಸವೇ ಕಾಣುವುದಿಲ್ಲ. ಸಭೆಗೆ ಬರಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವುದೇ ಇದರ ಮೇಲೆ. ಮೂರು ವರ್ಷದಲ್ಲಿ ಎರಡು ವರ್ಷ ನಷ್ಟವಾದರೆ ಅಂಗಡಿ ಮುಂದುವರಿಸಬೇಕೇ ಎಂದೇ ಜನರನ್ನು ಕರೆದು ಕೇಳಬೇಕು ಎಂಬ ಕಾನೂನೂ ಇದೆ. ಅದಕ್ಕೇ ಪದ ಚಿಕ್ಕದಾಗುವುದಕ್ಕಿಂತ ಅರ್ಥ ತಪ್ಪದಿರುವುದು ನನಗೆ ಮುಖ್ಯ. ಹೀಗೆ ಬರೆದಿದ್ದೇನೆ:

‘ಊರಾಡಳಿತವೇ ನಡೆಸುವ ಮದ್ಯದಂಗಡಿಯ ಕಟ್ಟಡ ದುರಸ್ತಿ ಮತ್ತು ವಿಸ್ತರಣೆಗೆ ಬಾಂಡ್ ಸಾಲ. ಅಂಗಡಿಯ ಗಳಿಕೆಯಿಂದ ತೀರಿಸುವ ಯೋಜನೆ; ಕಡಿಮೆ ಬಿದ್ದರೆ ಊರಿನ ತೆರಿಗೆಯಿಂದ. ಸಾರ್ವಜನಿಕ ವಿಚಾರಣೆ: ಮುಂದಿನ ಮಂಗಳವಾರ.’

ಅತ್ತೆಗೆ ಮತ್ತೆ ಓದಿ ಹೇಳಿದೆ. “ಹಂಗಾದ್ರೆ ನಿಮ್ ಮನೆ ಕಂದಾಯ ಏರಬಹುದು” ಅಂದರು.

* * *

ಮಂಗಳೂರಿನಿಂದ:

‘ವಿಚಾರಣೆ’ ತೆಗೆಯಿರಿ. ಯಾರ ಮೇಲೋ ಕೇಸು ನಡೆಯುತ್ತಿದೆ ಎಂದುಕೊಳ್ಳುತ್ತಾರೆ. ‘ಅಹವಾಲು ಸಭೆ’ ಎಂದು ಹಾಕಿ. ಅರಬ್ಬಿ ಪದ, ಗೊತ್ತು.