ಮಹಾಪ್ರಬಂಧದ ಕರಡನ್ನು ಮಾರ್ಗದರ್ಶಕರೊಡನೆ ಆನ್‌ಲೈನ್‌ನಲ್ಲಿ ತಿದ್ದುವುದು ಹೇಗೆ?

ಪ್ರಶ್ನೆ: ನನ್ನ ಪಿಎಚ್.ಡಿ. ಮಾರ್ಗದರ್ಶಕರು ಬೇರೆ ಊರಿನಲ್ಲಿದ್ದಾರೆ. ಮೂರನೆಯ ಅಧ್ಯಾಯವು ಇಮೇಲ್‌ನಲ್ಲಿ ಹೋಗಿ ಬಂದು ‘ಅಂತಿಮ’, ‘ಅಂತಿಮ 2’, ‘ನಿಜವಾದ ಅಂತಿಮ’ ಎಂಬ ಮೂರು ಪ್ರತಿಗಳಾಗಿದೆ. ಗೂಗಲ್ ಡಾಕ್ಸ್‌ಗೆ ಹಾಕಿದರೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಸಿದ್ದೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಏನು ಮಾಡಬಹುದು?

ಉತ್ತರ 1: ಹಳೆಯ ನುಡಿ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುವುದರಿಂದ, ಆ ಫಾಂಟ್ ಇಲ್ಲದ ಕಡೆ ಹೀಗಾಗುತ್ತದೆ. ಮೊದಲು ಪಠ್ಯವನ್ನು ಯುನಿಕೋಡ್‌ಗೆ (ಎಲ್ಲ ಕಡೆಯೂ ಓದಲು ಬರುವ ಅಕ್ಷರ ಸಂಕೇತ ವ್ಯವಸ್ಥೆಗೆ) ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಸಾಲುಸಾಲಾಗಿ ಪರಿಶೀಲಿಸಿ. ನನಗೆ ಕೈಕೊಟ್ಟಿದ್ದು ಅವೇ. ಆಮೇಲೆ ಅಧ್ಯಾಯಕ್ಕೊಂದು ಕಡತವಿಟ್ಟು, ಮಾರ್ಗದರ್ಶಕರಿಗೆ ಸಲಹೆ ನೀಡುವ ಅನುಮತಿಯನ್ನಷ್ಟೇ ಕೊಟ್ಟರೆ, ಅವರ ಪ್ರತಿ ತಿದ್ದುಪಡಿಯೂ ನೀವು ಒಪ್ಪುವವರೆಗೆ ಬೇರೆ ಬಣ್ಣದಲ್ಲಿ ಉಳಿಯುತ್ತದೆ. ಹಿಂದಿನ ಆವೃತ್ತಿಗಳೂ ಅಲ್ಲೇ ಸಿಗುತ್ತವೆ.

ಉತ್ತರ 2: ಆಕರಗಳಿಗೆ ಜೊಟೆರೊ ಎಂಬ ಆಕರ ನಿರ್ವಹಣಾ ತಂತ್ರಾಂಶದಲ್ಲಿ ಗುಂಪು ಸಂಗ್ರಹ ಮಾಡಿಕೊಳ್ಳಿ. ಉಚಿತ ಸ್ಥಳ 300 ಎಂಬಿ ಮಾತ್ರ. ‘ಎಪಿಗ್ರಾಫಿಯಾ ಕರ್ನಾಟಿಕಾ’ದಂತಹ ಸ್ಕ್ಯಾನ್ ಮಾಡಿದ ಶಾಸನ ಸಂಪುಟಗಳನ್ನು ಹಾಕಿದರೆ ಬೇಗನೆ ತುಂಬಿಬಿಡುತ್ತದೆ. ಆದ್ದರಿಂದ ಆಕರಗಳ ವಿವರವನ್ನಷ್ಟೇ ಅಲ್ಲಿಟ್ಟು, ಕಡತಗಳನ್ನು ಗೂಗಲ್ ಡ್ರೈವ್‌ನಲ್ಲಿಡುವುದು ಮೇಲು.

ಉತ್ತರ 3: ನನ್ನ ಮಾರ್ಗದರ್ಶಕರು ಪರದೆಯ ಮೇಲೆ ಓದುವುದೇ ಇಲ್ಲ. ಅವರು ಕೆಂಪು ಶಾಯಿಯಲ್ಲಿ ತಿದ್ದಿದ ಪುಟಗಳ ಫೋಟೊಗಳನ್ನು ತರಿಸಿಕೊಂಡು, ಡಾಕ್ಸ್‌ನಲ್ಲಿ ಟಿಪ್ಪಣಿಗಳಾಗಿ ನಾನೇ ನಮೂದಿಸುತ್ತೇನೆ.