ಪುಟ್ಟ ಮಕ್ಕಳ ಜೊತೆ ವಿಯೆನ್ನಾ: ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಒಬ್ಬ ತಾಯಿ): ಜೂನ್‌ನಲ್ಲಿ ಎಂಟು ದಿನ ಯೂರೋಪಿಗೆ ಹೊರಟಿದ್ದೇವೆ. ಮಗನಿಗೆ 3 ವರ್ಷ, ಮಗಳಿಗೆ 14 ತಿಂಗಳು. ನಮ್ಮ ಯಜಮಾನರ ಪಟ್ಟಿಯಲ್ಲಿ ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಮೂರೂ ಇವೆ. ನಡುವೆ ಆಸ್ಟ್ರಿಯಾದ ಕೆರೆ ದಡದ ಊರು ಹಾಲ್‌ಸ್ಟಾಟ್ ಬೇರೆ. ಆಗುತ್ತಾ?

ಉತ್ತರ (ಪ್ರವಾಸ ಯೋಜಕಿ): ನಾನಾಗಿದ್ದರೆ ವಿಯೆನ್ನಾ ಒಂದನ್ನೇ ಉಳಿಸಿಕೊಳ್ಳುತ್ತಿದ್ದೆ. ಊರು ಬದಲಿಸಿದಾಗಲೆಲ್ಲ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಬಾಟಲಿ, ಡೈಪರ್, ಒಗೆದು ಇನ್ನೂ ಒಣಗದ ಬಟ್ಟೆ, ಎಲ್ಲ ಮತ್ತೆ ತುಂಬಬೇಕು. ಒಂದೇ ಮನೆ ಹಿಡಿಯಿರಿ, ಬೆಳಗ್ಗೆ ಹೋಗಿ ಸಂಜೆ ಅಲ್ಲಿಗೇ ಬನ್ನಿ.

ಮೊದಲ ಎರಡು ದಿನ ಏನೂ ಬುಕ್ ಮಾಡಬೇಡಿ. ಬೇಸಿಗೆಯಲ್ಲಿ ವಿಯೆನ್ನಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಮೈಸೂರಲ್ಲಿ ಆರೂವರೆಗೆ ಏಳುವ ಮಗು ಅಲ್ಲಿ ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತದೆ! ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ಷೋನ್‌ಬ್ರುನ್ ಅರಮನೆಯ ತೋಟ ಬೆಳಗ್ಗೆ ಬೇಗ ತೆರೆಯುತ್ತದೆ, ಟಿಕೆಟ್ ಇಲ್ಲ, ಜನರೂ ಕಮ್ಮಿ. ಅಲ್ಲೇ ಓಡಾಡಿಸಿ ಮೃಗಾಲಯಕ್ಕೆ ಹೋಗಿ. 1752ರಲ್ಲಿ ಶುರುವಾದದ್ದು, ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿನಲ್ಲೇ ಹಳೆಯದು. ಷೋನ್‌ಬ್ರುನ್ ಅನ್ನುವ ಸ್ಟೇಷನ್ ನೋಡಿ ಇಳಿದುಬಿಡಬೇಡಿ. ಯು4 ಮೆಟ್ರೋದಲ್ಲಿ ಅದರ ಮುಂದಿನ ಹೀಟ್ಸಿಂಗ್‌ನಲ್ಲಿ ಇಳಿದರೆ ಮೃಗಾಲಯದ ಬಾಗಿಲು ಹತ್ತಿರ. ಅರಮನೆಯ ಒಳಗಡೆ ಈ ಸಲ ಬಿಟ್ಟುಬಿಡಿ. ಮೂರು ವರ್ಷದವನಿಗೆ ಮಹಾರಾಣಿಯ ಮಂಚದಿಂದ ಆಗಬೇಕಾದ್ದೇನು?

ನಿಮ್ಮ ಮಗನಿಗೆ ನಿಜವಾಗಿ ಹಿಡಿಸುವುದು ಡ್ಯಾನ್ಯೂಬ್ ದ್ವೀಪದ ನೀರಿನ ಆಟದ ಮೈದಾನ. ಯು1 ಮೆಟ್ರೋದಲ್ಲಿ ಡೋನಾವ್‌ಇನ್ಸೆಲ್‌ನಲ್ಲಿ ಇಳಿದು ಸ್ವಲ್ಪ ನಡೆಯಬೇಕು. ಇದಕ್ಕೂ ದುಡ್ಡಿಲ್ಲ. ಎರಡು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ.

ಮರುಪ್ರಶ್ನೆ (ಅದೇ ಮನೆಯ ಯಜಮಾನರು): ಹಾಲ್‌ಸ್ಟಾಟ್ ಒಂದೇ ದಿನದಲ್ಲಿ ನೋಡಿ ಬರಬಹುದು ಅಂತಾರಲ್ಲ?

ಉತ್ತರ: ದೊಡ್ಡವರು ನೋಡಿ ಬರಬಹುದು. ಹೋಗುವುದಕ್ಕೇ ಮೂರು ಗಂಟೆಗೂ ಜಾಸ್ತಿ ಬೇಕು, ನಡುವೆ ರೈಲು ಬದಲಿಸಬೇಕು. ಸ್ಟೇಷನ್ ಕೆರೆಯ ಈ ದಡದಲ್ಲಿ, ಊರು ಆ ದಡದಲ್ಲಿ, ಮತ್ತೆ ದೋಣಿ. ನನ್ನ ಮಗಳನ್ನು ಹೀಗೇ ಒಮ್ಮೆ ಎಳೆದುಕೊಂಡು ಹೋಗಿದ್ದೆ. ಫೋಟೋ ಚೆನ್ನಾಗಿ ಬಂದಿದೆ, ಎಲ್ಲದರಲ್ಲೂ ಅವಳು ಅಳುತ್ತಿದ್ದಾಳೆ.

ಬದಲಿಗೆ ಬಾಡೆನ್‌ಗೆ ಹೋಗಿ. ವಿಯೆನ್ನಾದ ಒಪೆರಾ ಎದುರಿನಿಂದಲೇ ಬಾಡ್ನರ್ ಬಾನ್ ಎಂಬ ಟ್ರಾಮ್ ಹೊರಡುತ್ತದೆ, ಸುಮಾರು ಒಂದು ಗಂಟೆ ದಾರಿ. ವಿಯೆನ್ನಾದ ಮೆಟ್ರೋ-ಟ್ರಾಮ್ ಪಾಸ್ ಊರಿನ ಗಡಿವರೆಗೆ ಮಾತ್ರ, ಮುಂದಕ್ಕೆ ಬೇರೆ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿ 1926ರ ಈಜುಕೊಳವಿದೆ, ಪಕ್ಕದಲ್ಲಿ ಸಮುದ್ರತೀರದ ಹಾಗೆ ಮರಳು ಹಾಕಿದ್ದಾರೆ. ಗಂಧಕದ ನೀರಿನ ಕೊಳ ದೊಡ್ಡವರಿಗೆ. ಮಕ್ಕಳಿಗೆ ಮರಳೇ ಸಾಕು. ಇನ್ನೊಂದು ದಿನ ರೈಲಿನಲ್ಲಿ ಪಕ್ಕದ ಸ್ಲೊವಾಕಿಯಾದ ಬ್ರಾಟಿಸ್ಲಾವಾಕ್ಕೆ ಹೋಗಿ, ಇದೂ ಸುಮಾರು ಒಂದೇ ಗಂಟೆ. ಅಲ್ಲಿ ಮ್ಯಾನ್‌ಹೋಲಿನಿಂದ ತಲೆ ಹೊರಹಾಕಿದ ಕಂಚಿನ ಮನುಷ್ಯನೊಬ್ಬನಿದ್ದಾನೆ, ಚುಮಿಲ್ ಅಂತ ಹೆಸರು. ಮಗನಿಗೆ ಮೊದಲೇ ಹೇಳಬೇಡಿ, ಅವನೇ ಹುಡುಕಲಿ. ಹಳೇ ಪೇಟೆಯೆಲ್ಲ ಕಲ್ಲುಹಾಸು, ಹಾಗಾಗಿ ಚಿಕ್ಕವಳನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಬೇಕೇ ಬೇಕು. ಬೇರೆ ದೇಶ ಅಲ್ವಾ, ಪಾಸ್‌ಪೋರ್ಟ್‌ಗಳು ಕೈಯಲ್ಲಿರಲಿ.

ಪ್ರಶ್ನೆ (ಇನ್ನೊಬ್ಬರು): ಊಟಕ್ಕೆ ಏನು ಮಾಡುವುದು? ತುಪ್ಪ, ರಾಗಿ ಹುರಿಹಿಟ್ಟು ಒಯ್ಯಬಹುದಾ?

ಉತ್ತರ: ಹುರಿಹಿಟ್ಟು ಒಯ್ಯಿರಿ. ತುಪ್ಪ ಬೇಡ. ಹಾಲಿನಿಂದ ಮಾಡಿದ್ದನ್ನು ಹೊರಗಿನಿಂದ ಯೂರೋಪ್ ಒಕ್ಕೂಟದೊಳಗೆ ಬಿಡುವುದಿಲ್ಲ. ಕಂಪನಿ ಪ್ಯಾಕ್ ಮಾಡಿದ, ಫ್ರಿಜ್ ಬೇಡದ ಮಗುವಿನ ಹಾಲಿನ ಪುಡಿಗೆ ಮಾತ್ರ 2 ಕಿಲೋವರೆಗೆ ವಿನಾಯಿತಿ. ಅಲ್ಲಿನ ಅಂಗಡಿಗಳಲ್ಲಿ ಬುಟರ್‌ಶ್ಮಾಲ್ಟ್ಸ್ ಅಂತ ಸಿಗುತ್ತದೆ, ಅದು ತುಪ್ಪವೇ. ಘಮ ಮಾತ್ರ ನಮ್ಮದಲ್ಲ. ಮಿಲ್ಶ್‌ರೈಸ್ ಎಂಬ ಗುಂಡು ಅಕ್ಕಿ ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಅದೇ ಸರಿ. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ. ಶನಿವಾರವೇ ಹಾಲು ತಂದಿಡಿ, ಮರೆತರೆ ಮುಖ್ಯ ರೈಲು ನಿಲ್ದಾಣದೊಳಗೆ ತೆರೆದಿರುತ್ತದೆ.

ಪ್ರಶ್ನೆ (ತಾಯಿ): ಮಕ್ಕಳಿಗೂ ಬೇರೆ ವೀಸಾ ಬೇಕಾ?

ಉತ್ತರ: ಬೇಕು, ಒಬ್ಬೊಬ್ಬರಿಗೂ ಪ್ರತ್ಯೇಕ ಅರ್ಜಿ. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಈ ವೀಸಾಕ್ಕೆ ಷೆಂಗೆನ್ ವೀಸಾ ಅಂತ ಹೆಸರು. 6 ವರ್ಷದೊಳಗಿನವರಿಗೆ ಅದರ ಶುಲ್ಕವಿಲ್ಲ, 12ರೊಳಗೆ ಬೆರಳಚ್ಚಿಲ್ಲ. 30,000 ಯೂರೋದ ಪ್ರಯಾಣ ವೈದ್ಯಕೀಯ ವಿಮೆ ಮಾತ್ರ ಮಗುವಿಗೂ ಇರಲೇಬೇಕು. ವಿಯೆನ್ನಾದ ಮೆಟ್ರೋ, ಟ್ರಾಮ್‌ಗಳಲ್ಲಿ 6ರೊಳಗಿನವರಿಗೆ ಟಿಕೆಟ್ ಬೇಡ.

ಪ್ರಶ್ನೆ (ತಾಯಿ): ಮೊದಲ ಮಹಡಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಸಿಕ್ಕಿದೆ, ಅಡುಗೆಮನೆ ಇದೆ. ಬುಕ್ ಮಾಡಲಾ?

ಉತ್ತರ: ತಡೆಯಿರಿ. ಹಳೆಯ ಕಟ್ಟಡವಾ? ವಿಯೆನ್ನಾದ ಹಳೇ ಮನೆಗಳಲ್ಲಿ ನೆಲಮಹಡಿ ಆದಮೇಲೆ ಹೋಖ್‌ಪಾರ್ಟೆರ್, ಮೆಜ್ಜನೀನ್ ಅಂತ ಇನ್ನೆರಡು ಮಹಡಿ ಬಂದು, ಆಮೇಲೆ "ಒಂದನೇ" ಮಹಡಿ ಶುರುವಾಗುವುದುಂಟು. ಅಂದರೆ ಸ್ಟ್ರೋಲರ್ ಎತ್ತಿಕೊಂಡು ಮೂರು ಮಹಡಿ. ಲಿಫ್ಟ್ ಇದೆಯಾ, ಅದು ರಸ್ತೆಯ ಮಟ್ಟದಿಂದಲೇ ಶುರುವಾಗುತ್ತಾ, ಎರಡನ್ನೂ ಕೇಳಿ. ಮಲಗುವ ಕೋಣೆಗೆ ಕತ್ತಲೆ ಪರದೆ ಇದೆಯಾ ಅಂತಲೂ ಕೇಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ.