ಗೊತ್ತಿರೋ ಉತ್ತರವೂ ಇಂಟರ್‌ವ್ಯೂನಲ್ಲಿ ಬಾಯಿಗೆ ಬರ್ತಿಲ್ಲ (ಬಿ.ಕಾಂ., ಅಕೌಂಟ್ಸ್ ಕೆಲಸ)

ವರದಾ_ತೀರ:
ಎಲ್ಲರಿಗೂ ನಮಸ್ಕಾರ. ಊರು ಹಾವೇರಿ ಹತ್ತಿರ. 2024ರಲ್ಲಿ ಬಿ.ಕಾಂ. ಮುಗೀತು, ಪಿಯುಸಿವರೆಗೆ ಕನ್ನಡ ಮಾಧ್ಯಮ, ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಕೋರ್ಸ್ ಆಗಿದೆ. ಈಗ ಪೀಣ್ಯ, ರಾಜಾಜಿನಗರದ ಕಡೆ ಕೆಲಸ ಹುಡುಕ್ತಿದ್ದೀನಿ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ ಕೂಡಲೇ ತಡವರಿಸ್ತೀನಿ, ಆಮೇಲೆ ಗೊತ್ತಿದ್ದ ಜರ್ನಲ್ ಎಂಟ್ರಿಯೂ ತಪ್ಪುತ್ತೆ. ಸಿಸ್ಟಂ ಮುಂದೆ ಕೂರಿಸಿದ್ರೆ ಕೈ ಓಡಲ್ಲ. ಧೈರ್ಯ ಬರೋಕೆ ಏನು ಮಾಡ್ಬೇಕು? ‘ಅಕೌಂಟೆಂಟ್’ ಅಂತ ಇರೋದಕ್ಕೇ ಕಾಯ್ಬೇಕಾ, ಬಿಲ್ಲಿಂಗ್, ಡಾಟಾ ಎಂಟ್ರಿ ಸಿಕ್ಕಿದ್ರೂ ಸೇರ್ಬೇಕಾ? ಮಧ್ಯದ ಗ್ಯಾಪ್ ಬಗ್ಗೆ ಏನು ಹೇಳ್ಲಿ?

ಲೆಜರ್_ಪುಟ:
ಧೈರ್ಯದ ವಿಷಯ ಪಕ್ಕಕ್ಕಿಡಿ, ಮೊದಲು ಸಿಸ್ಟಂ ಟೆಸ್ಟ್ ನೋಡೋಣ. ಅದು ಸಲೀಸಾದ್ರೆ ಅರ್ಧ ಭಯ ತಾನೇ ಹೋಗುತ್ತೆ.

ಟ್ಯಾಲಿಪ್ರೈಮ್ ಎಜುಕೇಶನಲ್ ಮೋಡ್‌ಗೆ ದುಡ್ಡು ಕೊಡ್ಬೇಕಿಲ್ಲ. ತಿಂಗಳ 1, 2, 31 ಇಷ್ಟೇ ತಾರೀಖಿಗೆ ಎಂಟ್ರಿ ಹಾಕಬಹುದು. ಅಭ್ಯಾಸಕ್ಕೆ ಅಷ್ಟು ಸಾಕು. ಒಂದು ಕಂಪನಿ ತೆರೆದು 40 ಖರೀದಿ, 40 ಮಾರಾಟ, ಹತ್ತಿಪ್ಪತ್ತು ಪೇಮೆಂಟು-ರಿಸೀಟು ಹಾಕಿ. ಸಪ್ಲೈಯರ್‌ಗಳಲ್ಲಿ ಒಬ್ಬರು ಹುಬ್ಬಳ್ಳಿಯವರು, ಒಬ್ಬರು ಹೊಸೂರಿನವರು ಇರಲಿ. ಹುಬ್ಬಳ್ಳಿ ನಮ್ಮ ರಾಜ್ಯದೊಳಗೇ ಇರೋದ್ರಿಂದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ (ಕೇಂದ್ರದ್ದು, ರಾಜ್ಯದ್ದು ಅಂತ ಎರಡು ಪಾಲು). ಹೊಸೂರು ತಮಿಳುನಾಡಾದ್ರಿಂದ ಐಜಿಎಸ್‌ಟಿ (ಬೇರೆ ರಾಜ್ಯದ ವ್ಯವಹಾರದ ತೆರಿಗೆ). ಸಪ್ಲೈಯರ್ ಲೆಜರ್‌ನಲ್ಲಿ (ಖಾತೆಯಲ್ಲಿ) ರಾಜ್ಯ ತಪ್ಪು ಹಾಕಿದ್ರೆ ತೆರಿಗೆಯೂ ತಪ್ಪು ಕೂರುತ್ತೆ. ಟೆಸ್ಟ್‌ನಲ್ಲಿ ಬೇಕಂತಲೇ ಇಂಥ ಬಿಲ್ ಒಂದು ಸೇರಿಸಿರ್ತಾರೆ.

ಇನ್ನು ಎಡವೋ ಜಾಗಗಳು. ಕ್ಯಾಶನ್ನ ಬ್ಯಾಂಕಿಗೆ ಕಟ್ಟಿದ್ದು ಎಫ್4 ಕಾಂಟ್ರಾ (ಕ್ಯಾಶ್-ಬ್ಯಾಂಕ್ ನಡುವಿನ ಎಂಟ್ರಿ), ಬಹಳ ಜನ ಎಫ್5 ಪೇಮೆಂಟ್ ಒತ್ತಿಬಿಡ್ತಾರೆ. ವೋಚರ್ (ಟ್ಯಾಲಿಯಲ್ಲಿ ಹಾಕೋ ಎಂಟ್ರಿ) ತಾರೀಖು ಬೇರೆ, ಸಪ್ಲೈಯರ್ ಬಿಲ್ ತಾರೀಖು ಬೇರೆ. ಎರಡನ್ನೂ ಒಂದೇ ಮಾಡಿದ್ರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತೆ. ರೌಂಡ್ ಆಫ್ ಲೆಜರ್ ಮಾಡದೆ 40 ಪೈಸೆಗೆ ಹತ್ತು ನಿಮಿಷ ತಲೆ ಕೆಡಿಸಿಕೊಳ್ಳೋದೂ ಉಂಟು. ಮೌಸ್ ಮುಟ್ಟದೆ ಎಫ್4ರಿಂದ ಎಫ್9ರವರೆಗೆ ಕೈಗೆ ಬರಬೇಕು. ಹತ್ತು ಬಿಲ್‌ಗೆ ಅರ್ಧ ಗಂಟೆ ಅಂತ ಮೊಬೈಲಲ್ಲಿ ಟೈಮರ್ ಇಟ್ಟು ಹಾಕಿ.

ಬಾಯಿ ಪ್ರಶ್ನೆಗಳೂ ಸುತ್ತಿ ಬಳಸಿ ಅವೇ: ಡೆಬಿಟ್ ನೋಟ್ ಯಾವಾಗ, ಬಿಆರ್‌ಎಸ್ (ನಮ್ಮ ಪುಸ್ತಕವನ್ನ ಬ್ಯಾಂಕ್ ಲೆಕ್ಕದ ಜೊತೆ ತಾಳೆ ನೋಡೋ ಪಟ್ಟಿ) ಯಾಕೆ, ಜಿಎಸ್‌ಟಿಆರ್-1ಕ್ಕೂ (ಮಾರಾಟದ ವಿವರದ ರಿಟರ್ನ್) 3ಬಿಗೂ (ತೆರಿಗೆ ಕಟ್ಟೋ ಸಾರಾಂಶ ರಿಟರ್ನ್) ಏನು ವ್ಯತ್ಯಾಸ. ಹಳೇ ನೋಟ್ಸ್ ನಂಬಿ ಹೋಗ್ಬೇಡಿ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳು ಶೇಕಡಾ 12 ಮತ್ತು 28ರ ಜಿಎಸ್‌ಟಿ ದರದಿಂದ ಹೊರಬಂದು 5, 18ಕ್ಕೆ ಬಂದಿವೆ, ಕೆಲವು 40ಕ್ಕೆ ಹೋಗಿವೆ. ‘ನಾಲ್ಕು ಸ್ಲ್ಯಾಬ್ ಸರ್’ ಅಂದ್ರೆ ನೀವು ಇತ್ತೀಚೆಗೆ ಬಿಲ್ ಮುಟ್ಟಿಲ್ಲ ಅಂತ ಅರ್ಥ.

ಮಾನವ_ಸಂಪನ್ಮೂಲ:
ಮಾತಿನ ಭಾಗ ನಾನು ಹೇಳ್ತೀನಿ. ತಂದೆ ಹೆಸರು, ಊರು, ಹವ್ಯಾಸದಿಂದ ಶುರು ಮಾಡ್ಬೇಡಿ. ಅದು ರೆಸ್ಯೂಮೆಯಲ್ಲೇ ಇದೆ. ಆರು ವಾಕ್ಯ ಬರೆದಿಟ್ಕೊಳ್ಳಿ: ಓದು, ಟ್ಯಾಲಿಯಲ್ಲಿ ಏನೇನು ಹಾಕ್ತೀರಿ, ಜಿಎಸ್‌ಟಿಯಲ್ಲಿ ಎಲ್ಲೀತನಕ ಗೊತ್ತು, ಎಕ್ಸೆಲ್‌ನಲ್ಲಿ ಏನು ಬರುತ್ತೆ, ಈ ಕಂಪನಿಯ ಯಾವ ಕೆಲಸಕ್ಕೆ ಬಂದಿದ್ದೀರಿ, ಯಾವತ್ತಿಂದ ಸೇರಬಹುದು. ಇಂಗ್ಲಿಷ್‌ನಲ್ಲೇ ಬರೀರಿ, ಆದ್ರೆ ನೀವು ದಿನಾ ಆಡೋ ಪದದಲ್ಲಿ. ನೆಟ್‌ನಿಂದ ಎತ್ತಿದ ಉದ್ದುದ್ದ ವಾಕ್ಯ ನಡುವೆ ಮರೆತರೆ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದೂವರೆ ನಿಮಿಷ ಮೀರಿದ್ರೆ ಕತ್ತರಿಸಿ.

ಮೊದಲ ವಾಕ್ಯ ತೊದಲಿದ್ರೆ ನಿಲ್ಲಿಸಿ, ಉಸಿರು ತಗೊಂಡು, ‘ಮತ್ತೆ ಹೇಳ್ತೀನಿ ಸರ್’ ಅನ್ನಿ. ಅದಕ್ಕೆ ಯಾರೂ ಮಾರ್ಕ್ಸ್ ಕಳೆಯಲ್ಲ. ಪೀಣ್ಯದ ಸಣ್ಣ ಫ್ಯಾಕ್ಟರಿಗಳಲ್ಲಿ ‘ಕನ್ನಡದಲ್ಲಿ ಹೇಳ್ಲಾ ಸರ್’ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ. ಹೊರದೇಶದ ಕ್ಲೈಂಟ್ ಇರೋ ಕಡೆ ಮಾತ್ರ ಅದು ನಡೆಯಲ್ಲ. ಗೊತ್ತಿಲ್ಲದ್ದು ಬಂದ್ರೆ ‘ಇದನ್ನ ಮಾಡಿಲ್ಲ ಸರ್, ಇದರ ಎಂಟ್ರಿ ಟ್ಯಾಲಿಯಲ್ಲಿ ಹೀಗೆ ಹಾಕ್ತೀನಿ’ ಅಂತ ಗೊತ್ತಿರೋ ಕಡೆಗೆ ಎಳ್ಕೊಳ್ಳಿ.

ಗ್ಯಾಪ್‌ಗೆ ಒಂದೇ ವಾಕ್ಯ, ತಿಂಗಳ ಸಮೇತ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಟ್ಯಾಲಿ ಕಲಿತೆ, ಆಮೇಲೆ ಕೆಲಸ ಹುಡುಕ್ತಿದ್ದೀನಿ. ಇಷ್ಟು ಸಾಕು. ಸುಳ್ಳು ಎಕ್ಸ್‌ಪೀರಿಯೆನ್ಸ್ ಲೆಟರ್ ಮಾತ್ರ ಬೇಡವೇ ಬೇಡ. ಯುಎಎನ್ (ಪಿಎಫ್‌ನ ಖಾಯಂ ನಂಬರ್) ಹಾಕಿ ಪಿಎಫ್ ಸರ್ವಿಸ್ ಹಿಸ್ಟರಿ ನೋಡೋ ಕಡೆ ಅದು ಸಿಕ್ಕಿಬೀಳುತ್ತೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಈಗಲೇ ನೋಡಿ. ಹೊಂದಲ್ಲ ಅಂತ ಸೇರೋ ದಿನ ಗೊತ್ತಾದ್ರೆ ಪಿಎಫ್ ಖಾತೆ ತೆರೆಯೋ ಕೆಲಸ ನಿಲ್ಲುತ್ತೆ. ರಿಜಿಸ್ಟ್ರೇಷನ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ದುಡ್ಡು ಕೇಳಿದ್ರೆ ಎದ್ದು ಬನ್ನಿ.

ಇಪ್ಪತ್ತರ_ಗಡುವು:
ಯಾವ ಕೆಲಸಕ್ಕೆ ಸೇರಬೇಕು ಅನ್ನೋದಕ್ಕೆ: ಡಾಟಾ ಎಂಟ್ರಿ ಬೇಡ, ಬಿಲ್ಲಿಂಗ್ ನೋಡಬಹುದು. ಸೇರೋ ಮುಂಚೆ ‘ಜಿಎಸ್‌ಟಿಆರ್-1 ಡಾಟಾ ಯಾರು ತೆಗೀತಾರೆ’ ಅಂತ ಕೇಳಿ. ಬಿಲ್ಲಿಂಗ್‌ನವರೇ ಅಂದ್ರೆ ಸೇರಿ. ಬರೀ ಪ್ರಿಂಟ್ ಒತ್ತಿ ಡ್ರೈವರ್ ಕೈಗೆ ಕೊಡೋದಾದ್ರೆ ಎರಡು ವರ್ಷ ಕಳೆದ್ರೂ ಅಲ್ಲೇ ಇರ್ತೀರಿ. ಸಿಎ ಆಫೀಸಲ್ಲಿ ಸಂಬಳ ಕಡಿಮೆ, ಆದ್ರೆ ಹತ್ತಾರು ವ್ಯಾಪಾರದ ಲೆಕ್ಕ ಕೈಗೆ ಬರುತ್ತೆ. ಹುಡುಕುವಾಗ ‘ಅಕೌಂಟೆಂಟ್’ ಒಂದೇ ಟೈಪ್ ಮಾಡ್ಬೇಡಿ. ಅಕೌಂಟ್ಸ್ ಪೇಯಬಲ್ (ನಾವು ಕೊಡಬೇಕಾದ ಬಿಲ್), ರಿಸೀವಬಲ್ (ನಮಗೆ ಬರಬೇಕಾದ ಹಣ), ಆಡಿಟ್ ಅಸಿಸ್ಟೆಂಟ್, ಎಂಐಎಸ್ (ಮ್ಯಾನೇಜರ್‌ಗಳಿಗೆ ವರದಿ ಮಾಡೋ ಕೆಲಸ) ಅಂತಾನೂ ನೋಡಿ.

ಹೋಗೋ ದಿನಾನೂ ಮುಖ್ಯ. ಪ್ರತಿ ತಿಂಗಳ ಗಡುವು ನೋಡಿ: 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ಈ ನಡುವೆ ಸಿಎ ಆಫೀಸಿಗೆ ರೆಸ್ಯೂಮೆ ಹಿಡ್ಕೊಂಡು ಹೋದ್ರೆ ತಲೆ ಎತ್ತಿ ನೋಡೋರಿರಲ್ಲ. 21ರ ಮೇಲೆ ಹೋಗಿ.

ಟ್ಯಾಲಿ ಬಿಟ್ಟು ಬೇರೆ ಸಾಫ್ಟ್‌ವೇರ್ ಅಂದ್ರೆ ಹೆದರಬೇಡಿ. ಟ್ಯಾಲಿಯ ಎಫ್9ರಲ್ಲಿ ಹಾಕೋ ಖರೀದಿ ಬಿಲ್ಲನ್ನೇ ಸ್ಯಾಪ್‌ನಲ್ಲಿ (ದೊಡ್ಡ ಕಂಪನಿಗಳ ಸಾಫ್ಟ್‌ವೇರ್) ಎಫ್‌ಬಿ60 ಅನ್ನೋ ಕೋಡ್‌ನಲ್ಲಿ ಹಾಕ್ತಾರೆ, ಪರ್ಚೇಸ್ ಆರ್ಡರ್ ಇದ್ರೆ ಮಿರೋ ಅನ್ನೋದರಲ್ಲಿ. ‘ಸ್ಯಾಪ್ ಬರುತ್ತೆ’ ಅನ್ಬೇಡಿ, ಈ ಹೋಲಿಕೆ ಹೇಳಿ.

ಎಕ್ಸೆಲ್‌ಗೆ ಒಂದೇ ಅಭ್ಯಾಸ ಸಾಕು: ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುತ್ತೆ) ಜೊತೆ ಖರೀದಿ ರಿಜಿಸ್ಟರ್ ತಾಳೆ ಹಾಕೋದು. 2ಬಿ ಪ್ರತಿ ತಿಂಗಳು 14ಕ್ಕೆ ಬರುತ್ತೆ. ನಿಮ್ಮ ಹತ್ರ ಪೋರ್ಟಲ್ ಲಾಗಿನ್ ಇಲ್ಲ, ಹಾಗಾಗಿ ಮೊದಲು ಹಾಕಿದ 40 ಖರೀದಿಯನ್ನ ಎರಡನೇ ಶೀಟ್‌ಗೆ ಕಾಪಿ ಮಾಡಿ ಐದು ಸಾಲು ಅಳಿಸಿ, ಐದರಲ್ಲಿ ನಂಬರ್ ತಿರುಚಿ. ಜಿಎಸ್‌ಟಿಐಎನ್ (ಸಪ್ಲೈಯರ್‌ನ ಜಿಎಸ್‌ಟಿ ನಂಬರ್) ಮತ್ತು ಬಿಲ್ ನಂಬರನ್ನ ಆಂಪರ್ಸ್ಯಾಂಡ್‌ (&) ನಿಂದ ಸೇರಿಸಿ ಒಂದು ಕಾಲಂ ಮಾಡಿ ವಿಲುಕಪ್ (ಒಂದು ಶೀಟ್‌ನದ್ದನ್ನ ಇನ್ನೊಂದರಲ್ಲಿ ಹುಡುಕೋ ಸೂತ್ರ) ಹಾಕಿ. ಬಿಲ್ ನಂಬರ್ ಒಂದನ್ನೇ ಇಟ್ರೆ ಇಬ್ಬರು ಸಪ್ಲೈಯರ್‌ಗಳ 45ನೇ ಬಿಲ್ ಒಂದಕ್ಕೊಂದು ಅಂಟಿಕೊಳ್ಳುತ್ತೆ. ನಮ್ಮಲ್ಲಿ 45, ಅವರಲ್ಲಿ 045/25-26 ಅಂತ ಇದ್ರೆ ಸಿಗಲ್ಲ, ಹಿಂದೆ ಸ್ಪೇಸ್ ಇದ್ರೂ ಸಿಗಲ್ಲ, ಸ್ಪೇಸ್ ತೆಗೆಯೋಕೆ ಟ್ರಿಮ್ ಸೂತ್ರ. ವಿಲುಕಪ್ ಸೂತ್ರದ ಕೊನೆಯಲ್ಲಿ ಸೊನ್ನೆ ಹಾಕೋದು ಮರೆತರೆ ಸುಮಾರಾಗಿ ಹೊಂದೋದನ್ನ ತಂದುಕೊಡುತ್ತೆ, ನೋಡೋಕೆ ಸರಿಯಾಗೇ ಇರುತ್ತೆ! ಸಿಗದೆ ಉಳಿದ ಸಾಲುಗಳಿಗೆ ಪಕ್ಕದಲ್ಲಿ ಕಾರಣ ಬರೆದು ಆ ಶೀಟನ್ನ ಪ್ರಿಂಟ್ ಮಾಡ್ಕೊಂಡು ಹೋಗಿ. ಮೇಜಿನ ಮೇಲೆ ಇಟ್ರೆ ಪ್ರಶ್ನೆಗಳು ಅದರ ಮೇಲೇ ಬರ್ತವೆ, ಅದು ನಿಮಗೆ ಗೊತ್ತಿರೋ ವಿಷಯ.

ವರದಾ_ತೀರ:
ತುಂಬಾ ಉಪಕಾರ ಆಯ್ತು. ಲ್ಯಾಪ್‌ಟಾಪ್ ಇಲ್ಲ, ಮೊಬೈಲ್ ಮಾತ್ರ. ಟ್ಯಾಲಿ ಅಭ್ಯಾಸ ಹೆಂಗೆ?

ಲೆಜರ್_ಪುಟ:
ವಿಲುಕಪ್ ಮೊಬೈಲಲ್ಲೇ ಗೂಗಲ್ ಶೀಟ್ಸ್‌ನಲ್ಲಿ ಆಗುತ್ತೆ. ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ಕೋರ್ಸ್ ಮಾಡಿದ ಸೆಂಟರ್‌ನಲ್ಲೋ ಪಿ.ಜಿ. ಹತ್ರದ ಸೈಬರ್‌ನಲ್ಲೋ ಗಂಟೆ ಲೆಕ್ಕದಲ್ಲಿ ಕೇಳಿ. ಹೊರಡೋ ಮುಂಚೆ ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಳ್ಳಿ, ಟ್ಯಾಲಿಯ ಯಾವ ರಿಲೀಸ್ (ಆವೃತ್ತಿ) ಅಂತಲೂ ಬರೆದಿಟ್ಕೊಳ್ಳಿ. ಇನ್ನೊಂದು ಕಡೆ ಹಳೇ ರಿಲೀಸ್ ಇದ್ರೆ ಡಾಟಾ ತೆರೆಯದೇ ಇರಬಹುದು.